ಮೂರು ಗಂಟೆಯ ಪೂಜೆ

ನನ್ನ ಹೆಂಡತಿ ಬಸವರಾಜೇಶ್ವರಿಯ ಪೂಜೆ ಮೂರು ಗಂಟೆಯದು ಎಂದು ಶಿವಮೊಗ್ಗದ ಸವಳಂಗ ರಸ್ತೆಯ ಅರ್ಧ ಜನಕ್ಕೆ ಗೊತ್ತಿತ್ತು. ಗೊತ್ತು ಮಾಡಿಸಿದವನು ನಾನೇ. ಬೆಳಿಗ್ಗೆ ಆರೂವರೆಗೆ ಸ್ನಾನ ಮುಗಿಸಿ, ಒಂದು ಪಾತ್ರೆ ಬಿಸಿನೀರು ಹಿಡಿದು ದೇವರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರೆ ಹೊರಗೆ ಬರುವಾಗ ಒಂಬತ್ತೂವರೆ. ಇಷ್ಟಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು ಅಷ್ಟು ಹೊತ್ತು ಕೂರುವುದೆಂದರೆ ಹುಡುಗಾಟವಲ್ಲ. ನನ್ನದು ಎರಡು ನಿಮಿಷದ ಪೂಜೆ. ವಿಭೂತಿ ಹಚ್ಚಿ, ಒಂದು ಪತ್ರೆ ಏರಿಸಿ, ಲಿಂಗವನ್ನು ಕರಡಿಗೆಗೆ ಸೇರಿಸಿ ಕೊರಳಿಗೆ ಹಾಕಿಕೊಂಡರೆ ಮುಗಿಯಿತು. ಪೂಜೆಯಾಗದೆ ಅವಳು ಒಂದು ಗುಟುಕು ನೀರನ್ನೂ ಬಾಯಿಗೆ ಹಾಕುವವಳಲ್ಲ, ಒಲೆ ಹಚ್ಚುವವಳೂ ಅಲ್ಲ. ಹಾಗಾಗಿ ನನ್ನ ತಿಂಡಿ ಹೋಟೆಲಿನಲ್ಲಿ. ಸುಳ್ಳು ಯಾಕೆ ಹೇಳಲಿ, ಆ ಇಡ್ಲಿ-ವಡೆಯ ಬಗ್ಗೆ ನನಗೆ ಬೇಸರವೇನೂ ಇರಲಿಲ್ಲ.

ಹೋಟೆಲಿನಲ್ಲಿ ಯಾರಾದರೂ ಸಿಕ್ಕರೆ ಮಾತು ಅಲ್ಲಿಗೇ ಬರುತ್ತಿತ್ತು. ವಯಸ್ಸಾದಂತೆ ನನ್ನ ಹೆಂಡತಿಯ ಭಕ್ತಿ ಹೆಚ್ಚುತ್ತಿದೆ, ಮೊದಲು ಅರ್ಧ ಗಂಟೆ ಕೂರುತ್ತಿದ್ದಳು, ಈಗ ಮೂರು ಗಂಟೆ ಎನ್ನುತ್ತಿದ್ದೆ. ಪಕ್ಕದ ಮನೆಯ ಪ್ರೇಮಮ್ಮ ಶಿವರಾತ್ರಿಯ ದಿನ ಬಂದು ಅವಳ ಕಾಲಿಗೇ ಬಿದ್ದರು. ನನ್ನವಳು ಕಾದ ಕಾವಲಿ ತಗುಲಿದಂತೆ ಕಾಲು ಹಿಂದಕ್ಕೆ ಎಳೆದುಕೊಂಡಳು. ಸಂಕೋಚ ಅಂದುಕೊಂಡೆ.

ಅವಳದು ಅಂಥದೇ ಸ್ವಭಾವ. ಹತ್ತೊಂಬತ್ತನೇ ವಯಸ್ಸಿಗೆ ಗಾಜನೂರು ಕಡೆಯಿಂದ ಮದುವೆಯಾಗಿ ಬಂದವಳು, ಮೇಷ್ಟ್ರ ಮಗಳು. ನಾನು ಆಗ ಭದ್ರಾವತಿಯ ಕಾರ್ಖಾನೆಯೊಂದರ ಅಗ್ನಿಶಾಮಕ ವಿಭಾಗದಲ್ಲಿದ್ದೆ. ಎಡಗಡೆ ತಮಿಳರ ಮನೆ, ಹಿಂದೆ ತೆಲುಗರ ಮನೆ ಇದ್ದ ಕ್ವಾರ್ಟರ್ಸಿನಲ್ಲಿ ಮೂವತ್ತೊಂದು ವರ್ಷ ಕಳೆದು, ನಿವೃತ್ತಿಯಾದ ಮೇಲೆ ಶಿವಮೊಗ್ಗಕ್ಕೆ ಬಂದೆವು. ಮೂವತ್ತೊಂದು ವರ್ಷದಲ್ಲಿ ನನಗೆ ಬಾರದ ಎರಡೂ ಭಾಷೆ ಅವಳಿಗೆ ಎರಡೇ ವರ್ಷದಲ್ಲಿ ಬಂದವು. ಬೇಸಿಗೆ ಬಂತೆಂದರೆ ಇಡೀ ಸಾಲಿನ ಮನೆಗಳಿಗೆ ಕೈಯಲ್ಲೇ ಶಾವಿಗೆ ಹೊಸೆದು ಕೊಡುತ್ತಿದ್ದಳು. ಆ ಬೆರಳುಗಳಿಂದ ಇಳಿಯುವ ಎಳೆ ಕೂದಲಿನಷ್ಟು ಸಣ್ಣಗಿರುತ್ತಿತ್ತು. ಆದರೆ ನನ್ನೆದುರು ಅವಳ ಮಾತು ಕಡಿಮೆ. ಅದಕ್ಕೆ ಕಾರಣ, ಅವಳು ಬಾಯಿ ತೆರೆಯುವ ಹೊತ್ತಿಗೆ ನಾನು ಉತ್ತರ ಕೊಟ್ಟಾಗಿರುತ್ತಿತ್ತು. ಜನಗಣತಿಯವರು ಅವಳನ್ನೇ ನೋಡಿ ವಯಸ್ಸೆಷ್ಟಮ್ಮ ಎಂದು ಕೇಳಿದರೂ ಹೇಳಿದವನು ನಾನೇ. ಅದೂ ಎರಡು ವರ್ಷ ಹೆಚ್ಚು ಹೇಳಿದ್ದೆ.

ಎರಡು ವರ್ಷದ ಹಿಂದೆ ಅವಳ ಎರಡೂ ಕೈಗಳ ಬೆರಳ ಗೆಣ್ಣು ಊದಿಕೊಂಡವು. ಊತದ ವಿಷಯದಲ್ಲಿ ನಾನು ಯಾರ ಮಾತನ್ನೂ ಕೇಳುವವನಲ್ಲ, ಏಕೆಂದರೆ ನನ್ನ ಅಂಗಾಲಿನಲ್ಲೇ ಸಾಕ್ಷಿಯಿದೆ. ಕೆಲಸದಲ್ಲಿದ್ದಾಗ ಒಮ್ಮೆ ತುಕ್ಕು ಹಿಡಿದ ಮೊಳೆ ಬೂಟಿನ ಅಟ್ಟೆ ದಾಟಿ ಒಳಗೆ ಹೋಗಿತ್ತು. ಮಾರನೆಯ ದಿನ ಪಾದ ಕೆಂಪಗೆ ಊದಿ, ಮುಟ್ಟಿದರೆ ಕೆಂಡ, ನೆಲಕ್ಕೆ ಊರಿದರೆ ಪ್ರಾಣ ಹೋಗುವ ನೋವು. ಕಾರ್ಖಾನೆಯ ಡಾಕ್ಟರು ಸೂಜಿ ಚುಚ್ಚಿ ಹೇಳಿದ್ದರು: ಹೆದರಬೇಡ, ಗಾಯದ ಹತ್ತಿರ ರಕ್ತನಾಳ ಅಗಲವಾಗಿ ರಕ್ತ ಹೆಚ್ಚು ಹರಿಯುತ್ತಿದೆ, ಅದಕ್ಕೇ ಕೆಂಪು, ಅದಕ್ಕೇ ಬಿಸಿ, ನಾಳದಿಂದ ನೀರು ಒಸರಿ ಊದಿದೆ, ಆ ದಾರಿಯಲ್ಲೇ ಬಿಳಿ ರಕ್ತಕಣಗಳು ಬಂದು ಕ್ರಿಮಿಗಳನ್ನು ಕೊಲ್ಲುತ್ತವೆ, ಇದಕ್ಕೆ ಉರಿಯೂತ ಅಂತಾರೆ. ಸ್ವಲ್ಪ ಕೀವು ಹೋಯಿತು, ಹತ್ತು ದಿನದಲ್ಲಿ ಕಾಲು ಮೊದಲಿನಂತಾಯಿತು. ನಮ್ಮ ಅವ್ವನೂ ಬಾವು ಎದ್ದರೆ ಹಣ್ಣಾಗಲಿ ಬಿಡು ಎನ್ನುತ್ತಿದ್ದಳು. ಊತ ಎಂದರೆ ದೇಹ ತನ್ನ ಕೆಲಸ ಮಾಡುತ್ತಿದೆ ಎಂದು ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ಹೆಂಡತಿಗೂ ಅದನ್ನೇ ಹೇಳಿದೆ. ಅವಳು ತಲೆಯಾಡಿಸಿದಳು.

ಹತ್ತು ದಿನ ಹೋಗಿ ಮೂರು ತಿಂಗಳಾಯಿತು. ಕೀವಿಲ್ಲ, ಗಾಯವಿಲ್ಲ, ಹಣ್ಣಾಗುವ ಲಕ್ಷಣವೂ ಇಲ್ಲ, ಊತ ಮಾತ್ರ ಇದೆ. ಇದೆಂಥ ಬಾವು ಎಂದು ನನಗೇ ಗೊಂದಲವಾಗಿ, ಭದ್ರಾವತಿಯಲ್ಲಿ ನಮಗೆ ಪರಿಚಯವಿದ್ದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಕೂರುವುದು ಸಂಜೆ. ಸಂಜೆಯ ಹೊತ್ತಿಗೆ ಅವಳ ಬೆರಳು ಚೆನ್ನಾಗಿಯೇ ಮಡಚುತ್ತಿದ್ದವು. ಬೆಳಿಗ್ಗೆ ಎದ್ದಾಗ ಬೆರಳು ಬಿಗಿಯಾಗಿರುತ್ತವಾ, ಎಷ್ಟು ಹೊತ್ತು ಎಂದು ಅವರು ಕೇಳಿದರು. ಅವಳು ನನ್ನ ಕಡೆ ನೋಡಿದಳು. ನಾನು ಹೇಳಿದೆ:

“ಎದ್ದಾಗ ಒಂದರ್ಧ ಗಂಟೆ ಸಾರ್, ಅಷ್ಟೇ. ಪೂಜೆಗೆ ಕೂತ್ರೆ ಎಲ್ಲ ಬಿಟ್ಟು ಹೋಗುತ್ತೆ.”

ನಾನು ಕಂಡದ್ದನ್ನೇ ಹೇಳಿದ್ದೆ. ಆರಕ್ಕೆ ಏಳುತ್ತಾಳೆ, ಚೊಂಬು ಹಿಡಿಯಲು ತಡಕಾಡುತ್ತಾಳೆ, ಆರೂವರೆಗೆ ಒಳಗೆ ಹೋಗುತ್ತಾಳೆ. ಹೊರಗೆ ಬಂದಾಗ ಕೈ ಸರಿಯಾಗಿರುತ್ತದೆ. ಲಿಂಗ ಹಿಡಿದ ಕೈಗೆ ಇನ್ನೇನಾಗಬೇಕು? ಡಾಕ್ಟರು ಅರ್ಧ ಗಂಟೆ ಎಂದು ಬರೆದುಕೊಂಡರು. ಅರ್ಧ ಗಂಟೆ ಎಂದರೆ ವಯಸ್ಸಿನ ಸವೆತ ಎಂದು ನೋವಿನ ಮಾತ್ರೆ ಕೊಟ್ಟರು. ನೋವು ತಗ್ಗಿತು, ಊತ ತಗ್ಗಲಿಲ್ಲ. ಹೀಗೇ ಹದಿನಾಲ್ಕು ತಿಂಗಳು ಕಳೆದವು.

ಒಂದು ದಿನ ನಾನು ಹೋಟೆಲಿಗೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದೆ. ದೇವರ ಕೋಣೆಯೊಳಗೆ ಟಕ್ಕೆಂದು ಏನೋ ಬಿತ್ತು. ಆಮೇಲೆ ಅವಳು ಅಳುವುದು ಕೇಳಿಸಿತು. ಬಾಗಿಲು ತಳ್ಳಿ ನೋಡಿದರೆ ಲಿಂಗ ನೆಲದ ಮೇಲೆ ಬಿದ್ದಿದೆ, ಅವಳು ಅದನ್ನು ಎತ್ತಲು ನೋಡುತ್ತಿದ್ದಾಳೆ, ಬೆರಳು ಕೂಡುತ್ತಿಲ್ಲ. ಹುಟ್ಟಿದಾಗ ಕೊರಳಿಗೆ ಕಟ್ಟಿದ್ದು, ಮಣ್ಣಿಗೆ ಹೋಗುವಾಗ ಜೊತೆಗೆ ಬರುವುದು, ಅದು ಕೈತಪ್ಪಿ ನೆಲಕ್ಕೆ ಬಿದ್ದರೆ ನಮ್ಮವರ ಜೀವ ಎಷ್ಟು ಹೆದರುತ್ತದೆ ಎಂದು ಹೇಳಬೇಕಾಗಿಲ್ಲ. ನನಗೂ ಹೆದರಿಕೆಯಾಯಿತು. ಹೆದರಿಕೆಯಾದಾಗ ನಾನು ಮಾಡುವುದು ಒಂದೇ, ಬೈದೆ. ಗಮನ ಎಲ್ಲಿತ್ತು ಎಂದು ಕೂಗಾಡಿದೆ. ಮಠಕ್ಕೆ ಹೋಗಿ ಸ್ವಾಮಿಗಳನ್ನು ಕಂಡೆವು. ಪುನಃ ಪೂಜಿಸಿ ಧರಿಸಿ ಎಂದು ಸಮಾಧಾನ ಹೇಳಿದವರು, ಮೊದಲು ಆ ಕೈಯನ್ನು ಯಾರಿಗಾದರೂ ಸರಿಯಾಗಿ ತೋರಿಸಪ್ಪ ಎಂದರು. ಇನ್ನೊಮ್ಮೆ ಬಿದ್ದರೆ ತಾನು ಲಿಂಗ ಹಿಡಿಯುವುದನ್ನೇ ಬಿಡಬೇಕಾಗುತ್ತದೆ ಎಂದು ದಾರಿಯುದ್ದಕ್ಕೂ ಅವಳು ಒಂದೇ ಸಮ ಹೇಳುತ್ತಿದ್ದಳು.

ಶಿವಮೊಗ್ಗದಲ್ಲೇ ಕೀಲುವಾತದ ಡಾಕ್ಟರೊಬ್ಬರಿದ್ದರು, ತನುಜಾ ಅಂತ, ನಮ್ಮ ಮಗಳ ವಯಸ್ಸಿನವರು. ನನ್ನವಳ ಗೆಣ್ಣುಗಳನ್ನು ಒಂದೊಂದಾಗಿ ಒತ್ತಿ ನೋಡಿ ಅದೇ ಪ್ರಶ್ನೆ ಕೇಳಿದರು, ಬೆಳಿಗ್ಗೆ ಬಿಗಿತ ಎಷ್ಟು ಹೊತ್ತು ಇರುತ್ತದೆ ಎಂದು. ನಾನು ಬಾಯಿ ತೆರೆದೆ. ಅವರು ನನ್ನ ಕಡೆ ನೋಡದೆಯೇ ಹೇಳಿದರು:

“ಅಂಕಲ್, ಕೈ ಅವರದ್ದಲ್ವಾ? ಅವರು ಹೇಳ್ಲಿ.”

ಅವಳು ನನ್ನನ್ನು ನೋಡದೆ, ಮೇಜನ್ನು ನೋಡಿಕೊಂಡು ಹೇಳಿದಳು.

“ಮೂರೂಕಾಲು ಗಂಟೆ. ಲಿಂಗ ಇಟ್ಕೊಳ್ಳೋಕೆ ಅಂಗೈ ಬಿಚ್ಚಲ್ಲ ಮೇಡಂ. ಬಿಸಿನೀರಲ್ಲಿ ಕೈ ಅದ್ದಿ ಕೂತಿರ್ತೀನಿ. ಬಿಚ್ಚೋ ಹೊತ್ತಿಗೆ ಒಂಬತ್ತು ದಾಟಿರುತ್ತೆ. ಪೂಜೆ ಹತ್ತೇ ನಿಮಿಷ.”

ನನಗೆ ಮೊದಲು ಅರ್ಥವೇ ಆಗಲಿಲ್ಲ. ಹತ್ತು ನಿಮಿಷವೇ? ಹಾಗಾದರೆ ನಾನು ಊರಿಗೆಲ್ಲ ಹೇಳಿಕೊಂಡು ಬಂದದ್ದು? ಪ್ರೇಮಮ್ಮ ಕಾಲಿಗೆ ಬಿದ್ದದ್ದು? ಆ ಪಾತ್ರೆಯ ಬಿಸಿನೀರು ಅಭಿಷೇಕಕ್ಕೆ ಎಂದುಕೊಂಡಿದ್ದೆನಲ್ಲ ನಾನು, ಎಂಥ ದಡ್ಡ.

ರಕ್ತ ಪರೀಕ್ಷೆ, ಎಕ್ಸ್‌ರೇ ಎಲ್ಲ ಆಗಿ ಮತ್ತೆ ಹೋದಾಗ ಡಾಕ್ಟರು ವಿವರವಾಗಿ ಹೇಳಿದರು. ಇದು ಸವೆತವಲ್ಲ, ಇದೂ ಉರಿಯೂತವೇ. ಬೆಳಗಿನ ಬಿಗಿತ ಒಂದು ಗಂಟೆ ಮೀರಿದರೆ ಇದರ ಅನುಮಾನ ಬರಬೇಕು. ನಾನು ತಡೆಯಲಾರದೆ ನನ್ನ ಮೊಳೆಯ ಕಥೆ ತೆಗೆದೆ. ಉರಿಯೂತ ನನಗೂ ಆಗಿತ್ತು, ಅದೇ ನನ್ನ ಕಾಲು ಉಳಿಸಿತು, ಇವಳ ಕೈಯನ್ನು ಹೇಗೆ ಕೆಡಿಸಿತು ಎಂದು ಕೇಳಿದೆ. ನಾನು ಅಗ್ನಿಶಾಮಕದಲ್ಲಿದ್ದವನೆಂದು ತಿಳಿದು ಅವರು ನನಗೇ ಒಂದು ಪ್ರಶ್ನೆ ಹಾಕಿದರು:

“ಬೆಂಕಿ ಆರಿದ ಮೇಲೂ ನೀರು ಹೊಡೀತಾನೇ ಇದ್ರೆ ಏನಾಗುತ್ತೆ ಅಂಕಲ್?”

ಏನಾಗುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತು. ಒಮ್ಮೆ ಉಗ್ರಾಣದ ಮೂಲೆಯಲ್ಲಿ ಹೊಗೆ ಕಂಡು ಪೈಪು ಹಿಡಿದವರು ನಿಲ್ಲಿಸುವುದನ್ನೇ ಮರೆತು, ಬೆಂಕಿ ಸುಟ್ಟದ್ದಕ್ಕಿಂತ ನೀರು ಹಾಳು ಮಾಡಿದ ಸಾಮಾನೇ ಹೆಚ್ಚಾಗಿತ್ತು. ಅವರು ಹೇಳಿದರು: ನಿಮ್ಮ ಕಾಲಿಗೆ ಬಂದ ಬಿಳಿ ರಕ್ತಕಣಗಳ ಸೈನ್ಯ ಕೆಲಸ ಮುಗಿಸಿ ತಾನಾಗಿ ಹಿಂದಿರುಗಿತು, ಹಿಂದಿರುಗುವಾಗ ರಿಪೇರಿಯನ್ನೂ ಮಾಡಿತು. ಇವರ ಕೀಲಿಗೆ ಬಂದದ್ದು ಹಿಂದಿರುಗುತ್ತಿಲ್ಲ. ಕೀಲಿನ ಒಳಪದರವನ್ನೇ ಶತ್ರು ಎಂದು ತಿಳಿದು ದಿನವೂ ಹೊಡೆಯುತ್ತಿದೆ, ಪದರ ದಪ್ಪವಾಗಿ ಪಕ್ಕದ ಮೂಳೆಯನ್ನು ತಿನ್ನುತ್ತಿದೆ. ನೋವಿನ ಮಾತ್ರೆ ನೋವನ್ನು ಮುಚ್ಚುತ್ತದೆ, ಆ ತಿನ್ನುವುದನ್ನು ನಿಲ್ಲಿಸುವುದಿಲ್ಲ.

ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ ಅಂದುಕೊಂಡೆ. ಆದರೂ ನನ್ನ ಗೊಂದಲ ತೀರಲಿಲ್ಲ. ಬೆಂಕಿಯೇ ಇಲ್ಲದಿದ್ದರೆ ಗಂಟೆ ಬಾರಿಸಿದವರು ಯಾರು? ಕೇಳಿದೆ. ಹುಟ್ಟಿನಿಂದ ಬಂದ ಗುಣ ಸ್ವಲ್ಪ, ಬೇರೆ ಕಾರಣ ಸ್ವಲ್ಪ, ಪೂರ್ತಿ ನಮಗೂ ಗೊತ್ತಿಲ್ಲ ಎಂದರು. ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಉತ್ತರ ಎಂದು ನನಗೆ ಸಿಟ್ಟು ಬಂತು. ಮೂವತ್ತೊಂದು ವರ್ಷದಲ್ಲಿ ಸುಮ್ಮನೆ ಗಂಟೆ ಬಾರಿಸಿದವನನ್ನು ನಾವು ಹಿಡಿಯದೆ ಬಿಟ್ಟದ್ದಿಲ್ಲ. ಕೊಡುವ ಮಾತ್ರೆಯೋ, ದೇಹದ ಕಾವಲನ್ನು ತಗ್ಗಿಸುವಂಥದು. ಕಾವಲು ತಗ್ಗಿದರೆ ಮೊಳೆ ಚುಚ್ಚಿದ ದಿನ ಯಾರು ಬರುತ್ತಾರೆ? ಅದಕ್ಕೇ ಎಚ್ಚರ ಬೇಕು, ವಾರಕ್ಕೆ ಒಂದೇ ದಿನ ತೆಗೆದುಕೊಳ್ಳಬೇಕು, ಆಗಾಗ ರಕ್ತ ಪರೀಕ್ಷೆ ಮಾಡಿಸಬೇಕು ಎಂದರು. ಊತ ಬೇಕೋ ಬೇಡವೋ, ಕಾವಲು ಒಳ್ಳೆಯದೋ ಕೆಟ್ಟದ್ದೋ, ತಲೆ ಕೆಟ್ಟು ಗೊಬ್ಬರವಾಯಿತು.

ಕೊನೆಗೆ ಅವರು ಎಕ್ಸ್‌ರೇ ತೋರಿಸಿದರು. ಎಡಗೈಯ ಕೊನೆಯ ಎರಡು ಬೆರಳ ಮೂಳೆಯ ಅಂಚು ಇಲಿ ಕಡಿದಂತಿತ್ತು. ಉಳಿದ ಬೆರಳುಗಳನ್ನು ಉಳಿಸಿಕೊಳ್ಳಬಹುದು, ಈ ಎರಡು ಇನ್ನು ಪೂರ್ತಿ ನೆಟ್ಟಗಾಗುವುದಿಲ್ಲ, ಒಂದು ವರ್ಷ ಮೊದಲೇ ಬಂದಿದ್ದರೆ ಉಳಿಯುತ್ತಿದ್ದವೋ ಏನೋ ಎಂದರು. ಒಂದು ವರ್ಷದ ಹಿಂದೆ ನಾನು ಭದ್ರಾವತಿಯಲ್ಲಿ ಕೂತು ಅರ್ಧ ಗಂಟೆ ಎಂದಿದ್ದೆ.

ಮನೆಗೆ ಬಂದ ಮೇಲೆ ಕೇಳಿದೆ, ಯಾಕೆ ಹೇಳಲಿಲ್ಲ ಮಾರಾಯ್ತಿ ಅಂತ. ನನ್ನ ದನಿ ಆಗಲೂ ಜೋರಾಗಿಯೇ ಇತ್ತು, ನಾಚಿಕೆಯಾಗುತ್ತದೆ. ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡು ಹೇಳಿದಳು:

“ನೀವು ಅರ್ಧ ಗಂಟೆ ಅಂದ್ರಿ, ಅವರು ಬರ್ಕೊಂಡ್ರು. ಆಮೇಲೆ ನನ್ನನ್ನ ಯಾರು ಕೇಳಿದ್ರು? ಊರಿಗೆಲ್ಲ ಭಕ್ತಿ ಅಂತ ಸಾರ್ಕೊಂಡು ಬಂದ್ರಿ. ಅಲ್ಲಾ ರೀ, ಅದು ನೋವು ಅಂತ ಯಾವ ಬಾಯಲ್ಲಿ ಹೇಳ್ಲಿ?”

ಅಂದಿನಿಂದ ನಾನು ಬೆಳಿಗ್ಗೆ ಹೋಟೆಲಿಗೆ ಹೋಗಿಲ್ಲ.

ವಾರಕ್ಕೊಮ್ಮೆ, ಗುರುವಾರ ನುಂಗುವ ಮಾತ್ರೆ ಶುರುವಾಗಿ ನಾಲ್ಕು ತಿಂಗಳಾದವು. ಮೊದಲ ಎರಡು ತಿಂಗಳು ಏನೂ ಆಗಲಿಲ್ಲ, ಮಾತ್ರೆ ಬಿಡಿಸಿಬಿಡೋಣ ಎಂದು ನಾನೇ ಎರಡು ಸಲ ಹೊರಟಿದ್ದೆ. ಬಿಡಲ್ಲ ಎಂದಳು ಅವಳು. ಮೂರನೆಯ ತಿಂಗಳಿಂದ ದೇವರ ಕೋಣೆಯ ಬಾಗಿಲು ಏಳು ಗಂಟೆಗೇ ತೆರೆಯತೊಡಗಿತು. ಪ್ರೇಮಮ್ಮ ಮೊನ್ನೆ ನನ್ನನ್ನು ನಿಲ್ಲಿಸಿ, ಪೂಜೆ ಇಷ್ಟು ಬೇಗ ಮುಗಿಯುತ್ತಿದೆಯಲ್ಲ, ಮನಸ್ಸಿಗೆ ಏನಾದರೂ ಬೇಸರವೇ ಎಂದು ಮೆಲ್ಲಗೆ ವಿಚಾರಿಸಿದರು. ಎರಡು ವರ್ಷ ನಾನೇ ಬಿತ್ತಿದ ಬೆಳೆ ಅದು. ನೋವಾಗಿತ್ತು, ಭಕ್ತಿಯಲ್ಲ ಎಂದು ಅವರ ಮುಂದೆ ನಿಂತು ಹೇಳಲು ನನಗೆ ಬೆವರೇ ಬಂತು. ಆದರೂ ಹೇಳಿದೆ.

ನಿನ್ನೆ ಮತ್ತೆ ಆಸ್ಪತ್ರೆಗೆ ಹೋಗಿದ್ದೆವು. ತನುಜಾ ಮೇಡಂ ಇರಲಿಲ್ಲ, ಹೊಸ ಡಾಕ್ಟರೊಬ್ಬರು ಕೂತಿದ್ದರು. ಅವರು ಪೆನ್ನು ಹಿಡಿದು, ಎಲ್ಲರ ಹಾಗೆ ನನ್ನ ಮುಖವನ್ನೇ ನೋಡಿ, ಬೆಳಿಗ್ಗೆ ಇವರ ಕೈ ಎಷ್ಟು ಹೊತ್ತು ಬಿಗಿಯಾಗಿರುತ್ತದೆ ಎಂದು ಕೇಳಿದರು. ನಾನು ನಾಲ್ಕು ತಿಂಗಳಿಂದ ದಿನವೂ ಗಡಿಯಾರ ನೋಡಿದ್ದೇನೆ. ಇಪ್ಪತ್ತು ನಿಮಿಷ ಎಂಬುದು ನಾಲಿಗೆಯ ತುದಿಗೆ ಬಂದು ನಿಂತಿತ್ತು.

“ನಂಗೊತ್ತಿಲ್ಲ ಸಾರ್,” ಎಂದೆ. “ಅವಳನ್ನೇ ಕೇಳಿ.”

ಅವಳು ತಿರುಗಿ ನನ್ನನ್ನು ನೋಡಿದಳು. ಮದುವೆಯಾಗಿ ನಲವತ್ತು ವರ್ಷದಲ್ಲಿ ನನ್ನ ಬಾಯಿಂದ ಆ ಮಾತು ಅವಳು ಕೇಳಿದ್ದು ಅದೇ ಮೊದಲಿರಬೇಕು. ಆಮೇಲೆ ಕೈಗಳೆರಡನ್ನೂ ಮೇಜಿನ ಮೇಲೆ, ಆ ಎರಡು ಸೊಟ್ಟ ಬೆರಳುಗಳ ಸಮೇತ, ಡಾಕ್ಟರಿಗೆ ಕಾಣುವಂತೆ ಇಟ್ಟಳು.

“ಇಪ್ಪತ್ತೈದು ನಿಮಿಷ,” ಎಂದಳು. “ಇವರು ಎದ್ದು ನೋಡೋಕಿಂತ ಐದು ನಿಮಿಷ ಮೊದ್ಲೇ ನಂಗೆ ಎಚ್ಚರ ಆಗಿರುತ್ತೆ.”