ಎರಡು ಡುಬ್ಬದ ಮರಳು

ಜರಡಿಯಪ್ಪ ಎಂಬುದು ತಾಯಿ ಇಟ್ಟ ಹೆಸರಲ್ಲ, ಪ್ರಯೋಗಾಲಯ ಇಟ್ಟದ್ದು. ಹೊಳೆಯಿಂದ ಬಂದ ಮರಳನ್ನು ಒಣಗಿಸಿ, ಒಂದರ ಮೇಲೊಂದು ಪೇರಿಸಿದ ಹಿತ್ತಾಳೆ ಜರಡಿಗಳಿಗೆ ಸುರಿದು, ಅಲುಗಿಸುವ ಯಂತ್ರಕ್ಕೆ ಬಿಗಿದು, ಯಾವ ಜರಡಿಯಲ್ಲಿ ಎಷ್ಟು ಉಳಿಯಿತೆಂದು ತೂಗುವುದು ಅವನ ಕೆಲಸ. ಮೇಲಿನ ಜರಡಿಗೆ ದೊಡ್ಡ ಕಣ್ಣು, ಕೆಳಗಿನದಕ್ಕೆ ಸಣ್ಣ ಕಣ್ಣು. ಎಲ್ಲಕ್ಕಿಂತ ಕೆಳಗೆ ಒಂದು ತಟ್ಟೆ, ಯಾರಿಗೂ ಬೇಡವಾದ ಧೂಳಿನ ಅನಾಥಾಶ್ರಮ. ಆ ತೂಕಗಳಿಂದ ರೇಖೆ ಎಳೆದು ಅವನು ಮರಳಿನ ಜಾತಕ ಜಾಲಾಡುತ್ತಿದ್ದ: ಕಣಗಳ ಸರಾಸರಿ ಗಾತ್ರವೆಷ್ಟು, ಗಾತ್ರಗಳು ಎಷ್ಟು ಚೆದುರಿವೆ, ರೇಖೆಯ ಬಾಲ ದಪ್ಪ ಕಣಗಳ ಕಡೆಗೋ ಸಣ್ಣವುಗಳ ಕಡೆಗೋ, ತುದಿ ಚೂಪೋ ಚಪ್ಪಟೆಯೋ. ಈ ನಾಲ್ಕು ಅಂಕಿ ಕೈಗೆ ಸಿಕ್ಕರೆ ಹೊಳೆಯ ಬಾಯಿಂದಲೇ ಗುಟ್ಟು ಹೊರಡಿಸುವೆನೆಂಬ ಠೇಂಕಾರ ಬೇರೆ.

ಈ ಮಹಾವೀರನ ಬಾಳಿನಲ್ಲಿ ದಿಗ್ವಿಜಯ ನಡೆದದ್ದು ಒಂದೇ ಸಲ. ಮಿಕ್ಕ ಮರಳಿಗೆಲ್ಲ ರೇಖೆಯಲ್ಲಿ ಒಂದೇ ಗುಡ್ಡವಿದ್ದರೆ, ಒಂದು ಹೊಳೆಯ ಮರಳಿಗೆ ಮಾತ್ರ ಜೋಡಿ ಡುಬ್ಬದ ಒಂಟೆಯ ಬೆನ್ನಿನಂತೆ ಎರಡು ಡುಬ್ಬ ಕಂಡವು. ಎರಡು ಡುಬ್ಬವೆಂದರೆ ಎರಡು ಕಡೆಯ ಮರಳು ಬೆರೆತಿದೆ ಎಂದರ್ಥ. ಎಲ್ಲೋ ಮಣ್ಣಡಿ ಹೂತುಹೋದ ಹಳೆಯ ಹೊಳೆಯೊಂದಿದೆ ಎಂದು ಪ್ರಯೋಗಾಲಯದ ಮುಖ್ಯಸ್ಥೆ ಮೇಡಂ ಲೇಖನ ಬರೆದರು. ಕೊನೆಯಲ್ಲಿ ಇವನ ಹೆಸರು ಹಾಕಿ ಕೃತಜ್ಞತೆ ಹೇಳಿದರು. ಬಡ್ತಿ, ಆಸ್ತಿ, ಸಂತಾನ ಯಾವುದೂ ಒಲಿಯದ ಜೀವಕ್ಕೆ ಆ ಎರಡನೆಯ ಡುಬ್ಬವೇ ಸಕಲ ಸಂಪತ್ತು.

"ನಮ್ಮನೆಯವ್ರು ಒಂದು ಹೊಳೆ ಕಂಡುಹಿಡಿದಿದ್ದಾರೆ," ಎಂದು ಹೆಂಡತಿ ಬಂದವರ ಮುಂದೆ ಹೇಳುವಳು. ಅವರು ಹೊರಟ ಮೇಲೆ, "ಅದ್ರಿಂದ ಒಂದು ಬಿಂದಿಗೆ ನೀರು ಬರ್ಲಿಲ್ಲ, ಅದು ಬೇರೆ ಮಾತು," ಎನ್ನುವಳು.

ನಿವೃತ್ತಿಯ ವರ್ಷ ಹೊಸ ಜರಡಿಗಳು ಬಂದವು. ಜರಡಿಯಪ್ಪ ಅವುಗಳಿಗೆ ತನ್ನ ಮುದ್ದಿನ ಮರಳನ್ನೇ ಮೊದಲು ಸುರಿದ. ರೇಖೆ ಎಳೆದ. ಒಂದೇ ಗುಡ್ಡ. ಮತ್ತೆ ಸುರಿದ, ಅದೇ ಬೋಳುಗುಡ್ಡ. ಹಳೆಯ ಜರಡಿಗಳನ್ನು ಒಂದೊಂದಾಗಿ ಕಿಟಕಿಯ ಬೆಳಕಿಗೆ ಹಿಡಿದ. ನಡುವಿನ ಒಂದರಲ್ಲಿ, ಅಂಚಿನ ಹತ್ತಿರ, ಎಳೆಗಳು ಸರಿದು ತೂತಾಗಿತ್ತು. ಅಲ್ಲಿ ನಿಲ್ಲಬೇಕಾದ ಕಣಗಳು, ಈ ಮರಳಿನಲ್ಲಂತೂ ಅವೇ ಹೆಚ್ಚು, ಜಾರಿ ಕೆಳಗಿನ ಜರಡಿಯಲ್ಲಿ ಗುಡ್ಡೆ ಬೀಳುತ್ತಿದ್ದವು. ಇಲ್ಲಿ ತಗ್ಗು, ಅಲ್ಲಿ ಡುಬ್ಬ. ಹೂತುಹೋದ ಹೊಳೆ ಹರಿಯುತ್ತಿದ್ದದ್ದು ಆ ತೂತಿನಲ್ಲಿ.

ತೂತು ಮಾಡಿದ ಪುಣ್ಯಾತ್ಮನನ್ನು ಹುಡುಕಬೇಕಾಗಿರಲಿಲ್ಲ. ಉಳಿದವರು ಜರಡಿಯನ್ನು ಮೆತ್ತನೆಯ ಬ್ರಷ್ಷಿನಿಂದ ಒರೆಸಿ ಕೈತೊಳೆದುಕೊಂಡರೆ, ಇವನು ಸಿಕ್ಕಿಕೊಂಡ ಒಂದೊಂದು ಕಣವನ್ನೂ ಗುಂಡುಸೂಜಿಯಿಂದ ಚುಚ್ಚಿ ತೆಗೆಯುವ ಮಡಿವಂತ. ಹಿಂದಿನ ಮರಳು ಮುಂದಿನದಕ್ಕೆ ಸೋಕಬಾರದು! ಒಂದಿಷ್ಟು ಮೈಗಳ್ಳನಾಗಿದ್ದರೆ ವಿಜ್ಞಾನ ಬದುಕಿಕೊಳ್ಳುತ್ತಿತ್ತು.

ತಲೆ ತೆಗೆಸಿಕೊಳ್ಳಲು ಸಿದ್ಧನಾಗಿಯೇ ಅವನು ಆ ಜರಡಿ ಹಿಡಿದು ಮೇಡಂ ಕೋಣೆಗೆ ಹೋದ.

"ಮೇಡಂ, ಹೊಳೆ ಇಲ್ಲ."

"ಯಾವ ಹೊಳೆ?"

"ನಮ್ದು. ಜರಡಿ ತೂತು. ಸೂಜಿ ನಂದೇ."

ಮೇಡಂ ಜರಡಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. "ಲೇಖನ ತಪ್ಪು ಅಂತ ಬರೆದು ಕಳಿಸ್ತೀನಿ ಬಿಡಿ."

"ಎಷ್ಟು ಜನಕ್ಕೆ ತೊಂದ್ರೆ ಆಗುತ್ತೋ ಏನೋ."

"ಯಾರಿಗೂ ಇಲ್ಲ ಕಣ್ರೀ," ಎಂದರು ಮೇಡಂ, ಸಮಾಧಾನ ಹೇಳುವ ದನಿಯಲ್ಲಿ. "ಇಷ್ಟು ವರ್ಷದಲ್ಲಿ ಅದನ್ನ ಯಾರೂ ಎಲ್ಲೂ ಎತ್ತಿ ಆಡಿಲ್ಲ. ಯಾರಾದ್ರೂ ಓದಿದಾರೆ ಅಂತಾನೂ ನಂಗನ್ಸಲ್ಲ."

ತಲೆ ಬಾಗಿಸಿ ನಿಂತವನಿಗೆ ಕತ್ತಿಯೂ ಇರಲಿಲ್ಲ, ಕಟುಕನೂ ಇರಲಿಲ್ಲ.

ಮನೆಯಲ್ಲಿ ಎಲ್ಲವನ್ನೂ ಹೆಂಡತಿಗೆ ಹೇಳಿದ.

"ಯಾರಾದ್ರೂ ಬೈದ್ರಾ?"

"ಇಲ್ಲ."

"ಒಬ್ರೂ?"

"ಒಬ್ರೂ ಇಲ್ಲ ಕಣೆ."

ಸತ್ತವರ ಮನೆಯಲ್ಲೂ ಒಂದು ಕೊಂಕು ತೆಗೆಯಬಲ್ಲ ಹೆಂಗಸು, ತಟ್ಟೆ ಹಾಕಿ, ಬಡಿಸಿ, ಎದುರು ಕೂತಳು. ಜರಡಿಯಪ್ಪ ಅನ್ನ ಕಲಸುತ್ತ ಅವಳು ಮೂದಲಿಸಲೆಂದು ಕಾದ. ಅವಳು ಇನ್ನೊಂದು ಸೌಟು ಸಾರು ಹಾಕಿದಳು.