ಮಡಿಕೇರಿಯಲ್ಲಿ ಇನ್ನೂ ಮೂಡದ ಚಂದ್ರ

ಬೆಂಗಳೂರಿನಿಂದ ಸಿಡ್ನಿಗೆ ಒಂಬತ್ತು ಸಾವಿರ ಕಿಲೋಮೀಟರಿಗೂ ಮೇಲೆ, ವಿಮಾನದಲ್ಲಿ ಸುಮಾರು ಹನ್ನೊಂದು ಗಂಟೆ. ನನಗೂ ಅಮ್ಮನಿಗೂ ಟಿಕೆಟ್ ಮಾಡಿಸಿದ ದಿನ ಇದನ್ನು ಹೇಳಿದಾಗ ಅವಳು ಗೋಡೆಯ ಕ್ಯಾಲೆಂಡರ್ ನೋಡಿ, "ಅವತ್ತು ಸಂಕಷ್ಟಿ ಉಂಟಲ್ಲ" ಎಂದಳು.

ಸಿಡ್ನಿಯಲ್ಲಿರುವ ಅಕ್ಕನಿಗೆ ದಿನ ತುಂಬುತ್ತಿತ್ತು. ಹೆರಿಗೆ ಸುಸೂತ್ರವಾಗಲೆಂದು ಅಪ್ಪ ಅಮ್ಮ ಇಬ್ಬರೂ ಹರಕೆ ಹೊತ್ತು, ಪ್ರತಿ ಸಂಕಷ್ಟಿಗೂ ಉಪವಾಸವಿದ್ದು, ಚಂದ್ರನನ್ನು ನೋಡಿ ಉಣ್ಣುತ್ತಿದ್ದರು. ಇದು ಕೊನೆಯದು. ಮಡಿಕೇರಿಯಲ್ಲಿ ಮಂಜು ಕವಿದು ಚಂದ್ರ ಕಾಣದಿದ್ದರೆ ಕ್ಯಾಲೆಂಡರಿನಲ್ಲಿ ಅಚ್ಚಾದ ಚಂದ್ರೋದಯದ ಹೊತ್ತಿಗೆ ಊಟ ಮಾಡುವುದು ನಮ್ಮ ರೂಢಿ. ಆಕಾಶದಲ್ಲಿ ಹೋಗುವವರಿಗೆ ಯಾವ ಊರಿನ ಹೊತ್ತು?

ಅಪ್ಪ ದೇವಸ್ಥಾನದ ಅರ್ಚಕರು, ಪೂಜೆ ಬಿಟ್ಟು ನಮ್ಮ ಜೊತೆ ಹೊರಡುವಂತಿರಲಿಲ್ಲ. ಅವರು ಸ್ವಲ್ಪ ಯೋಚಿಸಿ, "ಕಂಡಾಗ ಉಣ್ಣುವುದು. ಮೋಡದ ಮೇಲೆ ಹೋಗುವವರಿಗೆ ಮಂಜಿನ ನೆಪ ಇಲ್ಲ" ಎಂದರು.

"ಕಾಣದಿದ್ರೆ?" ಎಂದಳು ಅಮ್ಮ.

"ಸಿಡ್ನಿಯಲ್ಲಿ ಇಳಿದು ಉಣ್ಣು. ಒಂದು ರಾತ್ರಿಗೆ ನೀನೇನೂ ಸೊರಗುವುದಿಲ್ಲ."

"ನನ್ನ ಗಾತ್ರ ನೋಡ್ಲಿಕ್ಕೆ ಇವರಿಗೆ ಇವತ್ತೇ ಪುರ್ಸೊತ್ತಾದ್ದು" ಎಂದು ಅಮ್ಮ ನನ್ನ ಕಡೆ ತಿರುಗಿದಳು.

ನಾನು ಭೂಪಟ ತೆರೆದು ಕುಳಿತೆ. ವಿಮಾನ ಹೋಗುವುದು ಆಗ್ನೇಯಕ್ಕೆ, ಚಂದ್ರ ಮೂಡುವುದು ಪೂರ್ವಕ್ಕೆ. ಎಡಬದಿಯ ಕಿಟಕಿಯೇ ಬೇಕು. ಅದನ್ನೇ ಅಮ್ಮನಿಗೆ ಹಿಡಿದಿಟ್ಟೆ.

ಮಡಿಕೇರಿಯಿಂದ ವಿಮಾನ ನಿಲ್ದಾಣಕ್ಕೇ ಏಳು ಗಂಟೆ ಹಿಡಿಯಿತು. ಸಂಜೆ ವಿಮಾನ ಮೇಲೇರುವಾಗ ಅಮ್ಮ ಬೆಳಗಿನ ಒಂದು ಲೋಟ ಹಾಲಿನ ಮೇಲೆಯೇ ಇದ್ದಳು. ಕೆಳಗಿನ ದೀಪಗಳು ಮುಗಿದು ಸಮುದ್ರ ಶುರುವಾಯಿತು. ಆಮೇಲೆ ಅದೂ ಕಾಣದಾಯಿತು. ಊಟದ ತಟ್ಟೆ ಬಂದಾಗ ಅಮ್ಮ ತಲೆಯಾಡಿಸಿ ಬೇಡವೆಂದಳು. ಎಂಜಿನ್ನಿನ ಒಂದೇ ಸಮನೆಯ ಸದ್ದಿನಲ್ಲಿ ನನಗೆ ನಿದ್ದೆಯೋ ಎಚ್ಚರವೋ ತಿಳಿಯುತ್ತಿರಲಿಲ್ಲ. ನಾವು ನಿಂತೇ ಇದ್ದೇವೆ, ರಾತ್ರಿಯೇ ನಮ್ಮ ಕಡೆಗೆ ತೇಲಿ ಬರುತ್ತಿದೆ ಎನ್ನಿಸಿತು.

ಅಮ್ಮ ನನ್ನ ಮೊಣಕೈ ಮುಟ್ಟಿದಳು. "ಅದೆಂಥದ್ದು, ಕೆಳಗೆ?"

ಅಷ್ಟು ಹೊತ್ತೂ ಕತ್ತೆತ್ತಿ ಮೇಲೆಯೇ ಹುಡುಕಿದ್ದೆವು. ಚಂದ್ರ ನಮ್ಮ ಕಾಲಿನ ಮಟ್ಟದಿಂದ ಏಳುತ್ತಿದ್ದ. ಕೆಂಪಗೆ, ಒಂದು ಬದಿ ಸವೆದು, ಮೋಡದ ಬಯಲಿನ ಅಂಚಿನಿಂದ ಸದ್ದಿಲ್ಲದೆ. ಮೋಡದ ದಿಬ್ಬಗಳ ಮೇಲೆ ತೆಳುವಾದ ಬೆಳಕು ಹರಡಿತು.

ಅಮ್ಮ ಬೊಗಸೆಯ ಅಂಚಿನಿಂದ ಕಾಗದದ ಲೋಟಕ್ಕೆ ಒಂದಿಷ್ಟು ನೀರು ಬಿಟ್ಟು ಅರ್ಘ್ಯ ಕೊಟ್ಟಳು. ತುಂಬ ಹೊತ್ತು ಕಣ್ಣು ಮುಚ್ಚಿದ್ದಳು. ಆಮೇಲೆ ಪಂಚಕಜ್ಜಾಯದ ಡಬ್ಬಿ ತೆಗೆದು ಮಡಿಲಲ್ಲಿಟ್ಟುಕೊಂಡಳು, ಮುಚ್ಚಳ ಬಿಚ್ಚಲಿಲ್ಲ.

"ತಿನ್ನಮ್ಮ, ಕಂಡಾಯ್ತಲ್ಲ."

"ಗಂಟೆ ಎಷ್ಟು?"

ನನ್ನ ಕೈಗಡಿಯಾರ ಇನ್ನೂ ಊರಿನ ಹೊತ್ತಿನಲ್ಲೇ ಇತ್ತು. ಎಂಟೂವರೆಯೂ ಆಗಿರಲಿಲ್ಲ. ಕ್ಯಾಲೆಂಡರಿನ ಚಂದ್ರೋದಯ ಒಂಬತ್ತು ದಾಟಿದ ಮೇಲೆ. ನಾವು ಪೂರ್ವಕ್ಕೆ ಎದುರು ಹೋಗಿದ್ದರಿಂದ ಅವನು ಬೇಗ ಸಿಕ್ಕಿದ್ದ.

"ಹಾಗಾದ್ರೆ ನಿಮ್ಮಪ್ಪನಿಗೆ ಇನ್ನೂ ಮೂಡಿಲ್ಲ. ಹರಕೆ ಇಬ್ಬರದ್ದು. ಅವರದ್ದೂ ಆಗ್ಲಿ."

"ಅಲ್ಲಿ ಮಂಜಿದ್ರೆ?"

"ಅವರಿಗೆ ಆ ನೆಪ ಉಂಟಲ್ಲ, ಕ್ಯಾಲೆಂಡರ್ ನೋಡ್ತಾರೆ."

ಇಬ್ಬರೂ ಕಿಟಕಿಗೆ ತಲೆ ತಾಗಿಸಿ ಕುಳಿತೆವು. ಕೆಂಪು ಹೋಗಿ ಚಂದ್ರ ಬಿಳಿಯಾದ. ಅವನ ಬೆಳಕು ಅಮ್ಮನ ಬಳೆಗೆ ಬಂತು, ಡಬ್ಬಿಯ ಮುಚ್ಚಳಕ್ಕೆ ಬಂತು. ನಮ್ಮ ಮನೆಯ ಮೇಲಿನ ಆಕಾಶ ಇನ್ನೂ ಕತ್ತಲಾಗಿಯೇ ಇತ್ತು.

ಮುಳ್ಳು ಒಂಬತ್ತು ದಾಟಿ ಸ್ವಲ್ಪ ಸರಿದ ಮೇಲೆ ಅಮ್ಮ ಮುಚ್ಚಳ ತೆಗೆದಳು. ಎಳ್ಳು ಬೆಲ್ಲದ ವಾಸನೆ ಬಂತು. ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, ನನ್ನ ಕೈಗೂ ಒಂದಿಷ್ಟು ಹಾಕಿ, "ಈಗ ನಿಮ್ಮಪ್ಪ ಜಗಲಿಗೆ ಬಂದಿರ್ತಾರೆ" ಎಂದಳು.