ತಲೆ ತೂರದ ಅಂಗಿ

ನಮ್ಮ ಅತ್ತಿಗೆಗೆ ಯಾವ ಮಾತಿಗೂ ಸುಮ್ಮನೆ "ಹೂಂ" ಅಂದು ಅಭ್ಯಾಸವಿಲ್ಲ. ನಡುಮನೆಗೆ ಯಾವ ಬಣ್ಣ ಬಳಿಸೋಣ ಎಂದು ನನ್ನಣ್ಣ ಒಮ್ಮೆ ಕೇಳಿದ. "ಬಣ್ಣ ಆಮೇಲೆ ರೀ. ಗೋಡೆಯಿಂದ ನಮಗೆ ಏನೇನು ಬೇಕು, ಅದನ್ನ ಮೊದಲು ಹೇಳಿ. ಕೊಳೆ ಕಾಣಬಾರದಾ, ಕೋಣೆಗೆ ಬೆಳಕು ಬರಬೇಕಾ, ಹತ್ತು ವರ್ಷ ಬಾಳಿಕೆ ಬರಬೇಕಾ?" ಎಂದರು ಅತ್ತಿಗೆ. "ಗೋಡೆಯಿಂದ ನನಗೇನೂ ಬೇಡ ಕಣೇ, ಅದು ಬೀಳದೆ ನಿಂತಿದ್ರೆ ಸಾಕು" ಎಂದು ಅಣ್ಣ ಎದ್ದು ಹೋದ. ಎದ್ದು ಹೋದವನಿಗೆ ಮಾತಿಲ್ಲ ಎನ್ನುವುದು ಅತ್ತಿಗೆಯ ಕಾನೂನು. ಹಾಗಾಗಿ ನಮ್ಮ ನಡುಮನೆ ಇವತ್ತಿಗೂ ಅವನಿಗೆ ಕಂಡರಾಗದ ಹಸಿರಿನಲ್ಲಿದೆ.

ಇದು ಅವರ ಕಸುಬಿನಿಂದ ಬಂದ ಗುಣ ಎಂದು ನಾನು ಅಂದುಕೊಂಡಿದ್ದೇನೆ. ನಾವೊಂದಿಷ್ಟು ಹೆಂಗಸರು ಸೇರಿ ನಡೆಸುವ ಹೊಲಿಗೆ ಮನೆಯಲ್ಲಿ ಬಟ್ಟೆ ಕತ್ತರಿಸುವವರು ಅವರು. ಹೊಲಿಗೆ ತಪ್ಪಿದರೆ ಬಿಚ್ಚಬಹುದು, ಕತ್ತರಿ ತಪ್ಪಿದರೆ ದೇವರೇ ಬಂದರೂ ಬಟ್ಟೆ ಕೂಡಿಕೊಳ್ಳುವುದಿಲ್ಲ. ನಾದಿನಿಯಾದ ನನ್ನ ಪಾಲಿಗೆ ಬಂದಿರುವುದು ಕಾಜಾ ಹೊಲಿದು ಗುಂಡಿ ಹಚ್ಚುವ ಕೆಲಸ. ನಲವತ್ತು ದಾಟಿದರೂ ಅವರು ನನ್ನನ್ನು ಪುಟ್ಟಿ ಎಂದೇ ಕರೆಯುತ್ತಾರೆ, ಅದೂ ಎಲ್ಲರೆದುರು.

ನಮ್ಮಲ್ಲಿ ಮಾಲೀಕರು ಅಂತ ಒಬ್ಬರಿಲ್ಲ. ಎಲ್ಲರೂ ಮಾಲೀಕರೇ, ಆದ್ದರಿಂದ ಮೊದಲೆಲ್ಲ ಒಂದು ತೀರ್ಮಾನ ಆಗಬೇಕಾದರೆ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯುತ್ತಿತ್ತು. ಕೊನೆಗೆ ಗೆಲ್ಲುತ್ತಿದ್ದವಳು, ನಾವೆಲ್ಲ ಕಾಲರ್ ಎಂದು ಕರೆಯುವವಳು. ಅಂಗಿಯ ಕಾಲರು, ಕತ್ತಿನ ಪಟ್ಟಿ ಇವನ್ನು ಅವಳಷ್ಟು ಚೆನ್ನಾಗಿ ಕೂರಿಸುವವರು ಯಾರೂ ಇಲ್ಲ. ಅವಳಷ್ಟು ಜೋರಾಗಿ ಮಾತಾಡುವವರೂ ಇಲ್ಲ. ಅವಳ ಬಾಯಿಗೆ ಹೆದರಿ ನಾವು ಒಂದು ಕಸೂತಿ ಯಂತ್ರ ತಂದೆವು. ಆರು ತಿಂಗಳು ಕಳೆದ ಮೇಲೆ ಅದರ ಮೇಲೆ ಊಟದ ಡಬ್ಬಿಗಳನ್ನು ಇಡತೊಡಗಿದೆವು. ಡಬ್ಬಿ ಇಡಲು ಅದು ಬಹಳ ಅನುಕೂಲವಾಗಿತ್ತು, ಇಲ್ಲ ಅನ್ನುವುದಿಲ್ಲ.

ಆ ವರ್ಷವೇ ಅತ್ತಿಗೆ ಸಹಕಾರ ಸಂಘಗಳ ತರಬೇತಿಗೆ ಹೋಗಿ, ಗುಂಪಿನಲ್ಲಿ ಕೂತು ತೀರ್ಮಾನ ಮಾಡುವ ಒಂದು ಕ್ರಮ ಕಲಿತು ಬಂದರು. ಹೇಳಿಕೊಟ್ಟ ಮೇಡಂ ಗೆರೆ ಎಳೆದು ಪಟ್ಟಿ ಬರೆದು ತೋರಿಸಿದ್ದರಂತೆ. ನಮಗೆ ಅಡ್ಡಗೆರೆ ಉದ್ದಗೆರೆ ಕಂಡರೆ ಶಾಲೆ ನೆನಪಾಗಿ ತಲೆನೋವು ಬರುತ್ತದೆ. ಅದಕ್ಕೆ ಅತ್ತಿಗೆ ಬಟ್ಟಲು ಮತ್ತು ಗುಂಡಿ ತಂದಿಟ್ಟರು. ನಮಗೆ ಬೇಕಾದ ಒಂದೊಂದಕ್ಕೂ ಒಂದು ಬಟ್ಟಲು. ಎಲ್ಲರಿಗೂ ಒಂದೇ ಸಮ ಗುಂಡಿ. ಯಾವುದು ನಿಮಗೆ ಮುಖ್ಯವೋ ಆ ಬಟ್ಟಲಿಗೆ ಹೆಚ್ಚು ಹಾಕಿ, ಬೇಡವಾದದ್ದಕ್ಕೆ ಹಾಕಲೇಬೇಡಿ. ಆಮೇಲೆ ಎದುರಿಗಿರುವ ವಸ್ತುಗಳನ್ನು ಒಂದೊಂದಾಗಿ ನೋಡುವುದು. ತುಂಬಿದ ಬಟ್ಟಲಿನ ವಿಷಯದಲ್ಲಿ ಚೆನ್ನಾಗಿರುವುದಕ್ಕೆ ಹೆಚ್ಚು ಅಂಕ, ಖಾಲಿ ಬಟ್ಟಲಿನದಕ್ಕೆ ಕಡಿಮೆ. "ಮೊದಲು ಏನು ಬೇಕು ಅನ್ನೋದು. ಯಾವುದು ಬೇಕು ಅನ್ನೋದು ಆಮೇಲೆ. ಬಿದ್ದ ಗುಂಡಿ ಬಿತ್ತು, ನಿಮಗಿಷ್ಟ ಆದದ್ದು ಸೋತಿತು ಅಂತ ಅದನ್ನ ಎತ್ತಿ ಇನ್ನೊಂದು ಬಟ್ಟಲಿಗೆ ಹಾಕೋ ಹಾಗಿಲ್ಲ" ಎಂದರು.

"ನಾವು ಹೊಲಿಯೋಕೆ ಬರ್ತೀವಾ, ಅಳಗುಳಿ ಆಡೋಕಾ?" ಎಂದು ಕಾಲರ್ ರೇಗಿದಳು. ಆದರೆ ಗುಂಡಿಗೆ ಗಂಟಲಿಲ್ಲ ನೋಡಿ. ಜೋರಾಗಿ ಕೂಗುವವಳಿಗೂ ಅಷ್ಟೇ ಗುಂಡಿ, ತುಟಿ ಬಿಚ್ಚದವಳಿಗೂ ಅಷ್ಟೇ ಗುಂಡಿ. ಹೊಸ ಯಂತ್ರ ಕೊಳ್ಳುವುದು, ಕೆಲಸದ ಹೊತ್ತು ಬದಲಿಸುವುದು ಎಲ್ಲ ಜಗಳವಿಲ್ಲದೆ ಮುಗಿದವು. ಅತ್ತಿಗೆಗೆ ಸ್ವಲ್ಪ ಜಂಭವೂ ಬಂತು. ಬರಲಿ ಬಿಡಿ, ಬೇರೆ ಯಾವ ಆಡಂಬರವೂ ಇಲ್ಲದ ಹೆಂಗಸು.

ಹೀಗಿರುವಾಗ ನಮ್ಮ ಕಟ್ಟಡ ಕೆಡವುತ್ತಾರೆ ಎಂಬ ಸುದ್ದಿ ಬಂತು. ಹೊಸ ಜಾಗ ಹುಡುಕಬೇಕು. ಮೂರು ಸಿಕ್ಕಿದವು. ಬಸ್ ನಿಲ್ದಾಣದ ಹಿಂದೆ ಒಂದು ಉದ್ದನೆಯ ಕೋಣೆ, ಹತ್ತಿರವೇ, ಆದರೆ ಹಗಲಲ್ಲೂ ಗುಹೆ. ಪೇಟೆಯಂಚಿನಲ್ಲಿ ಒಂದು ಹಳೆಯ ಗೋದಾಮು, ದೊಡ್ಡದು, ಆದರೆ ದೂರ, ಅಲ್ಲಿಯ ಪಾಯಿಖಾನೆಗೆ ಬಾಗಿಲೇ ಇಲ್ಲ. ಮೂರನೆಯದು ಹಾರ್ಡ್‌ವೇರ್ ಅಂಗಡಿಯ ಮೇಲೆ ಎರಡನೇ ಮಹಡಿ. ಮೂರು ಕಡೆ ಕಿಟಕಿ, ನಯವಾದ ನೆಲ, ನಲ್ಲಿ ತಿರುಗಿಸಿದರೆ ನೀರು. ಅದನ್ನು ನೋಡಲು ಎಲ್ಲರೂ ಒಟ್ಟಿಗೇ ಹೋದೆವು. ಹೊಲಿದ ಬಟ್ಟೆಗೆಲ್ಲ ಇಸ್ತ್ರಿ ಹಾಕುವ ನಮ್ಮ ಇಸ್ತ್ರಿ ಅಕ್ಕ ಮಾತ್ರ ಕೆಳಗೇ ನಿಂತು, "ನೀವು ಹೋಗಿ ಬನ್ನಿ, ನಾನು ಬ್ಯಾಗು ನೋಡ್ಕೋತೀನಿ" ಎಂದರು. ಬ್ಯಾಗುಗಳನ್ನೆಲ್ಲ ಅವರ ಕಾಲ ಬಳಿ ಇಟ್ಟು ನಾವು ದಡದಡ ಮೆಟ್ಟಿಲು ಹತ್ತಿದೆವು.

ಇಸ್ತ್ರಿ ಅಕ್ಕನ ಬಲಗಾಲು ಚಿಕ್ಕಂದಿನಿಂದ ಮಡಚುವುದಿಲ್ಲ. ಅವರೂ ಅತ್ತಿಗೆಯೂ ಸೇರಿಯೇ, ಒಂದು ಯಂತ್ರ ಒಂದು ಇಸ್ತ್ರಿಪೆಟ್ಟಿಗೆ ಇಟ್ಟುಕೊಂಡು, ಯಾರದೋ ಮನೆಯ ವರಾಂಡದಲ್ಲಿ ಈ ಕೆಲಸ ಶುರು ಮಾಡಿದ್ದು. ದಿನವಿಡೀ ಮೇಜಿನ ಹಿಂದೆ ನೆಟ್ಟಗೆ ನಿಂತಿರುವವರನ್ನೇ ನಾವು ನೋಡಿದ್ದು. ನಿಲ್ಲುವವರು ಹತ್ತಲಾರರು ಎಂದು ನಮಗೆ ಹೊಳೆಯಲೇ ಇಲ್ಲ.

ಜಾಗ ಹುಡುಕಲು ಹೊರಟಾಗಿನಿಂದ ಕಾಲರ್ ಬೆಳಕು ಬೆಳಕು ಎಂದು ಕೂಗುತ್ತಲೇ ಇದ್ದಳು. ಗುಂಡಿ ಹಾಕಿದ ದಿನ ಬೆಳಕಿನ ಬಟ್ಟಲು ತುಂಬಿ ತುಳುಕಿತು. ದೂರ, ನೀರು, ಬಾಡಿಗೆ ಇವಕ್ಕೂ ಸಾಕಷ್ಟು ಬಿದ್ದವು. 'ಮೆಟ್ಟಿಲು ಇರಬಾರದು' ಎಂಬ ಬಟ್ಟಲಿನಲ್ಲಿ ಒಬ್ಬರ ಪಾಲಿನಷ್ಟೇ ಗುಂಡಿ ಇತ್ತು. ಅಂಕ ಕೂಡಿಸಿದಾಗ ಮಹಡಿಯ ಕೋಣೆ ಮಿಕ್ಕೆರಡನ್ನೂ ಎಲ್ಲೋ ಹಿಂದೆ ಹಾಕಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಇಸ್ತ್ರಿ ಅಕ್ಕನೂ ತಟ್ಟಿದರು.

ಮಾರನೆಯ ವಾರ ಇಸ್ತ್ರಿ ಅಕ್ಕ ನನ್ನನ್ನು ಮೇಜಿನ ಬಳಿ ಕರೆದು, ನೆರಿಗೆಗೆ ಪೆಟ್ಟಿಗೆ ಹೇಗೆ ಓಡಿಸಬೇಕೆಂದು ತೋರಿಸತೊಡಗಿದರು.

"ಇದೆಲ್ಲ ನನಗ್ಯಾಕೆ ಅಕ್ಕ?" ಎಂದೆ.

"ಯಾರಾದ್ರೂ ಕಲೀಬೇಕಲ್ಲ ಪುಟ್ಟಿ. ನನಗಿನ್ನು ಸಾಕು ಅನ್ನಿಸ್ತಿದೆ. ಮನೇಲೇ ಕೂತು ಅಕ್ಕಪಕ್ಕದವರ ಬಟ್ಟೆ ಮಾಡ್ಕೊಂಡಿರ್ತೀನಿ."

ಆಚೆ ಮೇಜಿನಲ್ಲಿ ಅತ್ತಿಗೆಯ ಕತ್ತರಿ ನಿಂತಿತು. ಅವರು ಬಂದು ಗೆಳತಿಯ ಮುಖವನ್ನೇ ನೋಡಿ ಕೇಳಿದರು, "ಮೆಟ್ಟಿಲಾ?"

ಇಸ್ತ್ರಿ ಅಕ್ಕ ನಕ್ಕರು. "ಒಬ್ಬಳಿಗೋಸ್ಕರ ಎಲ್ಲರೂ ಕತ್ತಲಲ್ಲಿ ಕೂತು ಕಣ್ಣು ಕಳ್ಕೊಳ್ಳೋದಾ? ಬಿಡು. ನಿನ್ನ ಲೆಕ್ಕ ಸರಿಯಾಗೇ ಇದೆ."

ಅವತ್ತು ಮನೆಗೆ ಬಂದು ಅತ್ತಿಗೆ ತಟ್ಟೆ ಮುಂದೆ ಕೂತು ಎದ್ದರು, ಉಣ್ಣಲಿಲ್ಲ. "ಲೆಕ್ಕ ತಪ್ಪಿದ್ರೆ ತಿದ್ದಿದ್ರಾಯ್ತು, ಅದಕ್ಕ್ಯಾಕೆ ಉಪವಾಸ?" ಎಂದ ಅಣ್ಣ. "ಲೆಕ್ಕ ತಪ್ಪಿಲ್ಲ ರೀ. ಅದಕ್ಕೇ ಹೊಟ್ಟೆ ಉರೀತಿರೋದು" ಎಂದರು. ಅವರ ಸಂಕಟ ನನಗೆ ಅರ್ಥವಾಯಿತು. ಬಿದ್ದ ಗುಂಡಿ ಎತ್ತುವ ಹಾಗಿಲ್ಲ ಎಂದವರು ಅವರೇ. ಇವತ್ತು ತನ್ನ ಗೆಳತಿಗಾಗಿ ಎತ್ತಿದರೆ ನಾಳೆ ಎಲ್ಲರೂ ಎತ್ತುತ್ತಾರೆ, ಮತ್ತೆ ಬಾಯಿ ಇದ್ದವರದೇ ರಾಜ್ಯ. ಎತ್ತದಿದ್ದರೆ, ಜೊತೆಗೆ ಶುರು ಮಾಡಿದವಳು ಜೊತೆಗೆ ಇರುವುದಿಲ್ಲ. ನನಗೂ ಅಳು ಬಂತು. ತೋರಿಸಿಕೊಳ್ಳಲಿಲ್ಲ, ಅಣ್ಣ ರೇಗಿಸುತ್ತಾನೆ.

ಬೆಳಗ್ಗೆ ಅತ್ತಿಗೆ ಎಲ್ಲರನ್ನೂ ಕೂರಿಸಿಕೊಂಡು ವಿಷಯ ಹೇಳಿದರು. ಕಾಲರ್ ಎದ್ದೇ ಬಿಟ್ಟಳು.

"ಅಯ್ಯೋ, ಇದು ಚೆನ್ನಾಗಿದೆ! ನಾವು ಬಾಯಿ ತೆಗೆದ್ರೆ ತಪ್ಪು, ಗುಂಡಿಗೆ ಮರ್ಯಾದೆ ಕೊಡಿ ಅಂತೀರಿ. ನಿಮಗೆ ಬೇಕಾದವರು ಸೋತ್ರೆ ಆಟಾನೇ ಬದಲಾಯಿಸ್ತೀರಾ?"

ನಿಜ ಹೇಳುತ್ತೇನೆ, ಅವಳ ಮಾತಿನಲ್ಲಿ ನ್ಯಾಯವಿತ್ತು. ಅತ್ತಿಗೆಗೂ ಅದು ಗೊತ್ತಿತ್ತು. ಅವರು ಪಕ್ಕದ ಮೇಜಿನಿಂದ ಹೊಲಿದಿಟ್ಟಿದ್ದ ಮಕ್ಕಳ ಅಂಗಿಯೊಂದನ್ನು ತಂದು ಅದರ ಕತ್ತನ್ನು ಮುಷ್ಟಿಯಲ್ಲಿ ಹಿಡಿದು ಚಿಕ್ಕದು ಮಾಡಿದರು.

"ಒಂದು ಮಾತು ಹೇಳು. ಈ ಅಂಗಿ ಎದೆ ಸುತ್ತ ಸರಿ ಇದೆ. ತೋಳು ಸರಿ ಇದೆ. ಉದ್ದ ಸರಿ, ಬಟ್ಟೆ ಒಳ್ಳೇದು, ಹೊಲಿಗೆ ಒಳ್ಳೇದು. ಕತ್ತು ಮಾತ್ರ ಇಷ್ಟಿದೆ, ಮಗುವಿನ ತಲೆ ತೂರಲ್ಲ. ನೂರಕ್ಕೆ ಎಷ್ಟು ಕೊಡ್ತೀಯ?"

ಕತ್ತಿನ ವಿಷಯದಲ್ಲಿ ಕಾಲರ್‌ಗೆ ಸುಳ್ಳು ಹೇಳಲು ಬರುವುದಿಲ್ಲ. "ನೂರಕ್ಕೂ ಇಲ್ಲ, ಹತ್ತಕ್ಕೂ ಇಲ್ಲ. ತಲೆ ತೂರದ ಮೇಲೆ ಅದು ಅಂಗಿನೇ ಅಲ್ಲ" ಎಂದಳು.

"ತೋಳು ಚೆನ್ನಾಗಿದೆಯಲ್ಲ, ಅದನ್ನ ಇದಕ್ಕೆ ಸರಿದೂಗಿಸೋಣ."

"ತೋಳಿನಿಂದ ತಲೆ ತೂರಿಸ್ತೀರಾ?" ಎಂದವಳು ಅಲ್ಲಿಗೇ ನಿಂತಳು.

"ಗುಂಡಿ ತಪ್ಪಿಲ್ಲ. ತಪ್ಪಿರೋದು ನಾನು. ಯಾವ ಅಳತೆ ಕೊಂಚ ಸಡಿಲ ಆಗಬಹುದು, ಯಾವುದು ಆಗಲ್ಲ ಅಂತ ಮೊದಲು ಕೇಳಬೇಕಿತ್ತು. ಬಟ್ಟೆ ಕತ್ತರಿಸುವಾಗ ದಿನಾ ನೋಡೋದನ್ನ ಇಲ್ಲಿ ಮರೆತೆ" ಎಂದರು ಅತ್ತಿಗೆ.

ಕಾಲರ್ ಸೋತಾಗ ಇನ್ನೂ ಜೋರಾಗುತ್ತಾಳೆ. ಇಸ್ತ್ರಿ ಅಕ್ಕನ ಕಡೆ ತಿರುಗಿ, "ಅಲ್ಲಾ, ಮೊದಲೇ ಹೇಳೋಕೆ ನಿಮಗೇನಾಗಿತ್ತು?" ಎಂದು ಗದರಿದಳು.

"ಹೇಳಿದ್ನಲ್ಲ," ಎಂದರು ಇಸ್ತ್ರಿ ಅಕ್ಕ ಮೆಲ್ಲಗೆ. "ನನ್ನ ಗುಂಡಿ ಎಲ್ಲಾ ಅದೊಂದೇ ಬಟ್ಟಲಿಗೆ ಹಾಕಿದ್ದೆ."

ನಮ್ಮೆಲ್ಲರ ಕೆನ್ನೆಗೆ ಬಾರಿಸಿದ ಹಾಗಾಯಿತು. ಆ ಬಟ್ಟಲನ್ನು ಎಲ್ಲರೂ ನೋಡಿದ್ದೆವು. ಎಣಿಸಿದ್ದೆವು ಕೂಡ. ಇಷ್ಟೇನಾ ಎಂದು ಪಕ್ಕಕ್ಕೆ ಸರಿಸಿದ್ದೆವು.

ಅವತ್ತಿನಿಂದ ಬಟ್ಟಲು ಇಡುವ ಮುಂಚೆ ನಮ್ಮಲ್ಲಿ ಇನ್ನೊಂದು ಸುತ್ತು ಇದೆ. ಅದಕ್ಕೆ 'ಕತ್ತು ಕೇಳುವುದು' ಎನ್ನುತ್ತೇವೆ. ಯಾವುದಿಲ್ಲದಿದ್ದರೆ ನಿನಗೆ ಒಳಗೆ ಕಾಲಿಡಲೇ ಆಗುವುದಿಲ್ಲ, ಅದನ್ನು ಹೇಳು. ಇಷ್ಟಾನಿಷ್ಟ ಹೇಳುವ ಹಾಗಿಲ್ಲ, ಆಗುವುದಿಲ್ಲ ಎನ್ನುವುದನ್ನಷ್ಟೇ ಹೇಳಬೇಕು. ಆ ಮೊದಲ ಸುತ್ತಿನಲ್ಲಿ ಹೆಚ್ಚಿನವರು ತಮ್ಮದೇನೂ ಇಲ್ಲ ಎಂದರು. ಕಾಲರ್ ಮಾತ್ರ ಸೆರಗಿನ ತುದಿ ಸುತ್ತುತ್ತಾ ಕೂತಳು. ಆಮೇಲೆ, ನಾವು ಯಾವತ್ತೂ ಕೇಳಿರದ ಸಣ್ಣ ದನಿಯಲ್ಲಿ, "ಮಬ್ಬಾದ್ರೆ ನನಗೆ ದಾರ ಕಾಣಲ್ಲ. ದೀಪ ಹಾಕಿದ್ರೂ ಅಷ್ಟೇ. ಹೇಳಿದ್ರೆ ಕೆಲಸದಿಂದ ತೆಗೀತೀರೇನೋ ಅಂತ..." ಎಂದಳು. ಅವಳು ಬೆಳಕು ಬೆಳಕು ಎಂದು ಅಷ್ಟು ದಿನ ಕೂಗಿದ್ದು ಯಾಕೆಂದು ಆಗ ತಿಳಿಯಿತು. ಇಸ್ತ್ರಿ ಅಕ್ಕ ಮೇಜಿನ ಹಿಂದಿನಿಂದ ಬಂದು ಅವಳ ಪಕ್ಕ ಕೂತರು.

ಮಹಡಿ ಹೋಯಿತು, ಗುಹೆಯೂ ಹೋಯಿತು. ಉಳಿದದ್ದು ನೆಲಮಟ್ಟದ, ಬೆಳಕು ಬರುವ ಗೋದಾಮು. ಅದೊಂದನ್ನೇ ಕಣ್ಣು ಮುಚ್ಚಿ ಒಪ್ಪುವುದು ಬೇಡ ಎಂದು ಅತ್ತಿಗೆ ಇನ್ನೊಂದು ಜಾಗ ಹುಡುಕಿಸಿದರು. ಮುಚ್ಚಿಹೋಗಿದ್ದ ಬೇಕರಿ, ನೆಲಮಟ್ಟದ್ದು, ಮುಂಭಾಗಕ್ಕೆಲ್ಲ ಗಾಜು. ಎರಡನ್ನೂ ನೋಡಿ ಬಂದು ಮತ್ತೆ ಕೂತೆವು. ಹಳೆಯ ಬಟ್ಟಲುಗಳನ್ನೇ ಸಾಲಾಗಿ ಇಟ್ಟೆವು. ಮೆಟ್ಟಿಲಿನ ಬಟ್ಟಲು ಈಗ ಬೇಕಾಗಿರಲಿಲ್ಲ.

ಇಸ್ತ್ರಿ ಅಕ್ಕ ಗುಂಡಿಗಳನ್ನು ಅಂಗೈಯಲ್ಲಿ ಹಿಡಿದುಕೊಂಡು ಹಾಗೇ ಕೂತಿದ್ದರು. ಎಲ್ಲರದೂ ಮುಗಿದರೂ ಅವರದು ಮುಗಿಯಲಿಲ್ಲ.

"ಯಾಕೆ?" ಎಂದರು ಅತ್ತಿಗೆ.

"ಹೋದ ಸಲ ಇವೆಲ್ಲ ಒಂದಕ್ಕೇ ಖರ್ಚಾಗಿದ್ವು. ಈಗ ಅಷ್ಟೂ ನನ್ನ ಕೈಯಲ್ಲೇ ಇದೆ." ಅವರು ಬಟ್ಟಲುಗಳನ್ನು ಆ ತುದಿಯಿಂದ ಈ ತುದಿಗೆ ನೋಡಿದರು. "ನನಗೇನು ಇಷ್ಟ ಅಂತ ಕೇಳ್ತಿದ್ದೀರಲ್ವಾ?"

"ಹೌದು, ಇಷ್ಟ."

"ಹಾಗಾದ್ರೆ ನಾನು ಕೇಳೋದು ಇದರಲ್ಲಿ ಇಲ್ಲ. ನನಗೆ ಗಾಳಿ ಬೇಕು. ಇಷ್ಟು ವರ್ಷ ಆ ಪೆಟ್ಟಿಗೆ ಮುಂದೆ ಬೆಂದಿದ್ದೀನಿ. ಒಂದು ಕಿಟಕಿ ನನ್ನ ಬೆನ್ನಿಗೆ ಇದ್ರೆ..." ಎಂದು ನಾಚಿಕೊಂಡು ನಿಲ್ಲಿಸಿದರು.

ಒಳಗೆ ಹೋಗಿ ಖಾಲಿ ಬಟ್ಟಲೊಂದನ್ನು ತಂದು ಅವರ ಮುಂದೆ ಇಟ್ಟವಳು ಕಾಲರ್. "ಹಾಕಿ ಅಕ್ಕ, ಧಾರಾಳವಾಗಿ ಹಾಕಿ. ಎಲ್ಲರೂ ಸ್ವಲ್ಪ ತಡೀರಿ, ಹೊಸ ಬಟ್ಟಲು ಬಂದಿದೆ, ಮೊದಲಿಂದ ಶುರು" ಎಂದು ಎಂದಿನ ದನಿಯಲ್ಲಿ ಕೂಗಿದಳು. ಈ ಸಲ ಬಿದ್ದ ಗುಂಡಿ ಎತ್ತಲು ಅತ್ತಿಗೆ ಒಪ್ಪಿಗೆ ಕೊಟ್ಟರು. ಇನ್ನೂ ಯಾವ ಜಾಗಕ್ಕೂ ಅಂಕ ಹಾಕಿರಲಿಲ್ಲ, ಅದಕ್ಕೆ ಅಡ್ಡಿಯಿಲ್ಲವಂತೆ. ಇಸ್ತ್ರಿ ಅಕ್ಕ ಒಂದೊಂದೇ ಗುಂಡಿಯನ್ನು, ಯಾರೋ ಕಿತ್ತುಕೊಳ್ಳುತ್ತಾರೆಂಬ ಅವಸರವೇನೂ ಇಲ್ಲದವರ ಹಾಗೆ, ಗಾಳಿಯ ಬಟ್ಟಲಿಗೆ ಹಾಕುತ್ತಾ ಹೋದರು. ಒಂದಿಷ್ಟು ಬೆಳಕಿಗೂ ಹಾಕಿದರು. ನಾವು ಕಾದೆವು.